ಆಸ್ಪತ್ರೆಯ ಆಡಳಿತ ಮಂಡಳಿ: ಗೌರವದ ಕುರ್ಚಿಯೇ, ಲೆಕ್ಕ ಕೇಳುವ ಜವಾಬ್ದಾರಿಯೇ?

ದೊಡ್ಡ ಆಸ್ಪತ್ರೆಯೊಂದರ ಆಡಳಿತ ಮಂಡಳಿಯ ಸದಸ್ಯರೆಂದರೆ ನಮ್ಮ ಜನರ ಕಣ್ಣಿಗೆ ಗೌರವಾನ್ವಿತರು. ಹೊಸ ಕಟ್ಟಡದ ಆಶೀರ್ವಚನದ ದಿನ ವೇದಿಕೆಯಲ್ಲಿ ಅವರಿಗೊಂದು ಕುರ್ಚಿ, ಕೈಗೊಂದು ಹೂಗುಚ್ಛ, ವಾರ್ಷಿಕ ವರದಿಯಲ್ಲೊಂದು ಭಾವಚಿತ್ರ. ಇದಿಷ್ಟು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಸಭೆಯ ಬಾಗಿಲು ಮುಚ್ಚಿದ ಮೇಲೆ ಅವರು ಮಾಡಬೇಕಾದ ಕೆಲಸವೇನು, ಅದನ್ನು ಮಾಡದೇ ಇದ್ದರೆ ಏನಾಗುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಕೆಲವೊಮ್ಮೆ ಆ ಸದಸ್ಯರಿಗೂ ತಿಳಿದಿರುವುದಿಲ್ಲ.

ಕರಾವಳಿಯ ಕಥೋಲಿಕರಿಗೆ ಆಸ್ಪತ್ರೆ ಹೊರಗಿನ ವಿಷಯವಲ್ಲ. ಯೇಸುಸಭೆಯ ಗುರು ವಂದನೀಯ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಆರಂಭಿಸಿದ ಸಣ್ಣ ಔಷಧಾಲಯ ಬೆಳೆದು, 1999ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜೇ ಪ್ರಾರಂಭವಾಯಿತು. ಬೆಂಗಳೂರಿನ ಸೈಂಟ್ ಜಾನ್ಸ್ ವೈದ್ಯಕೀಯ ಕಾಲೇಜನ್ನು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 1963ರಲ್ಲಿ ಸ್ಥಾಪಿಸಿತು. ಇಂತಹ ಸಂಸ್ಥೆಗಳಲ್ಲಿ, ಇವುಗಳಿಗಿಂತ ಸಣ್ಣ ನೂರಾರು ಶಾಲೆ, ಆಶ್ರಮ, ಸಹಕಾರ ಸಂಘಗಳಲ್ಲಿ ನಮ್ಮ ಗುರುಗಳು, ಧರ್ಮಭಗಿನಿಯರು ಮತ್ತು ಶ್ರೀಸಾಮಾನ್ಯ ವಿಶ್ವಾಸಿಗಳು ಮಂಡಳಿ ಸದಸ್ಯರಾಗಿದ್ದಾರೆ. ಹಾಗಾಗಿ ವಿಶ್ವವಿದ್ಯಾನಿಲಯದ ಆಸ್ಪತ್ರೆ ಸಮೂಹವೊಂದರ ಆಡಳಿತ ಹೇಗೆ ನಡೆಯುತ್ತದೆ, ಅದರ ಮೇಲ್ವಿಚಾರಣೆ ಎಲ್ಲಿ ತಪ್ಪುತ್ತದೆ ಎಂಬುದನ್ನು ಒಂದು ನಿಜವಾದ ಪ್ರಕರಣದ ಮೂಲಕ ವಿವರಿಸಲು ಇಚ್ಛಿಸುತ್ತೇವೆ.

ಪ್ರಕರಣ ದೂರದ್ದು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿ 2019ರಲ್ಲಿ ನಡೆದದ್ದು. ದೂರದ್ದನ್ನೇ ಆಯ್ದುಕೊಳ್ಳಲು ಕಾರಣ, ಅಲ್ಲಿ ನಡೆದ ಪ್ರತಿಯೊಂದು ವಿಷಯವೂ ಪತ್ರಿಕೆ, ಶಾಸನಸಭೆ ಮತ್ತು ನ್ಯಾಯಾಲಯದ ದಾಖಲೆಗಳಲ್ಲಿ ಬಹಿರಂಗವಾಗಿದೆ. ಊಹಾಪೋಹಕ್ಕೆ ಎಡೆಯಿಲ್ಲ.

ಸರಕಾರದ ಕೈಯಿಂದ ಮಂಡಳಿಯ ಕೈಗೆ

ಬಾಲ್ಟಿಮೋರಿನ ಈ ಆಸ್ಪತ್ರೆ 1823ರಷ್ಟು ಹಳೆಯದು. ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ವೈದ್ಯಕೀಯ ವಿದ್ಯಾರ್ಥಿಗಳು ಹಾಸಿಗೆಯ ಪಕ್ಕದಲ್ಲೇ ನಿಂತು ಕಲಿಯಬೇಕೆಂಬ ಉದ್ದೇಶದಿಂದ ಅದನ್ನು ಕಟ್ಟಲಾಗಿತ್ತು. ಮುಂದೆ ಅದು ರಾಜ್ಯ ಸರಕಾರದ ವಿಶ್ವವಿದ್ಯಾನಿಲಯದ ಅಂಗವಾಗಿ ನಡೆಯುತ್ತಿತ್ತು. ಸರಕಾರಿ ಆಸ್ಪತ್ರೆಯ ಕಷ್ಟ ನಮಗೆ ಹೇಳಿ ತಿಳಿಯಬೇಕಾಗಿಲ್ಲ. ಒಂದು ಯಂತ್ರ ಕೊಳ್ಳಬೇಕಾದರೂ, ಒಬ್ಬ ನರ್ಸನ್ನು ನೇಮಿಸಬೇಕಾದರೂ ಸರಕಾರದ ಕಡತ ಸುತ್ತಿ ಬರಬೇಕು. ಆಸ್ಪತ್ರೆ ಸೊರಗತೊಡಗಿದಾಗ 1984ರಲ್ಲಿ ಮೇರಿಲ್ಯಾಂಡ್ ಶಾಸನಸಭೆ ಒಂದು ಕಾನೂನು ಮಾಡಿ ಅದನ್ನು ವಿಶ್ವವಿದ್ಯಾನಿಲಯದಿಂದ ಬೇರ್ಪಡಿಸಿತು. ಲಾಭದ ಉದ್ದೇಶವಿಲ್ಲದ ಖಾಸಗಿ ನಿಗಮವೊಂದು ಹುಟ್ಟಿಕೊಂಡಿತು. ಅದರ ಹೆಸರು ಯೂನಿವರ್ಸಿಟಿ ಆಫ್ ಮೇರಿಲ್ಯಾಂಡ್ ಮೆಡಿಕಲ್ ಸಿಸ್ಟಮ್.

ಈ ಬದಲಾವಣೆಯಿಂದ ಆಸ್ಪತ್ರೆಗೆ ಒಳ್ಳೆಯದೇ ಆಯಿತು ಎಂದು ಒಪ್ಪಬೇಕು. ಅದು ಬೆಳೆಯಿತು, ರಾಜ್ಯದ ಬೇರೆ ಬೇರೆ ಊರುಗಳ ಆಸ್ಪತ್ರೆಗಳನ್ನು ಸೇರಿಸಿಕೊಂಡು ಒಂದು ಡಜನಿಗೂ ಹೆಚ್ಚು ಆಸ್ಪತ್ರೆಗಳ ಸಮೂಹವಾಯಿತು. 2019ರ ಹೊತ್ತಿಗೆ ಅದರ ವಾರ್ಷಿಕ ಆದಾಯ 400 ಕೋಟಿ ಡಾಲರಿನ ಆಸುಪಾಸಿನಲ್ಲಿತ್ತು. ಆದರೆ ಒಂದು ವಿಷಯವನ್ನು ಇಲ್ಲಿ ಗಮನಿಸಬೇಕು. ಸರಕಾರದ ಕಡತಗಳು ನಿಧಾನವಾಗಿದ್ದರೂ ಅವು ಒಂದು ಬಗೆಯ ಕಾವಲಾಗಿದ್ದವು. ಟೆಂಡರು ಕರೆಯಬೇಕು, ಲೆಕ್ಕ ಪರಿಶೋಧಕರು ಬರುತ್ತಾರೆ, ಶಾಸಕರು ಪ್ರಶ್ನೆ ಕೇಳುತ್ತಾರೆ. ನಿಗಮವಾದ ಮೇಲೆ ಈ ಕಾವಲಿನ ಬಹುಪಾಲು ಹೋಯಿತು. ಅದರ ಜಾಗದಲ್ಲಿ ಕುಳಿತುಕೊಳ್ಳಬೇಕಾಗಿದ್ದುದು ಆಡಳಿತ ಮಂಡಳಿ. ಸ್ವಾತಂತ್ರ್ಯ ಕೊಟ್ಟದ್ದು ಆಸ್ಪತ್ರೆಗೆ, ಕಾವಲು ಒಪ್ಪಿಸಿದ್ದು ಮಂಡಳಿಗೆ. ಇದನ್ನು ಮಂಡಳಿಯವರು ಎಷ್ಟು ಮಟ್ಟಿಗೆ ಅರ್ಥಮಾಡಿಕೊಂಡಿದ್ದರು ಎಂಬುದೇ ಮುಂದಿನ ಕತೆ.

ಮಂಡಳಿಯಲ್ಲಿ ಸುಮಾರು 30 ಮಂದಿ. ಹೆಚ್ಚಿನವರನ್ನು ನೇಮಿಸುತ್ತಿದ್ದುದು ರಾಜ್ಯದ ಗವರ್ನರ್. ಅಲ್ಲಿ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತಲ್ಲ, ಜನರಿಂದ ಆಯ್ಕೆಯಾದ, ನಮ್ಮ ಮುಖ್ಯಮಂತ್ರಿಗೆ ಸಮಾನರಾದವರು. ಉದ್ಯಮಿಗಳು, ಮಾಜಿ ಶಾಸಕರು, ರಾಜಕೀಯದಲ್ಲಿ ಹೆಸರು ಮಾಡಿದವರು ಮಂಡಳಿಯಲ್ಲಿದ್ದರು. ಸಂಬಳವಿಲ್ಲ, ಸೇವೆಯೆಂದೇ ಲೆಕ್ಕ.

ಮೂರು ಯಜಮಾನರು, ಒಂದು ಮನೆ

ವಿಶ್ವವಿದ್ಯಾನಿಲಯದ ಆಸ್ಪತ್ರೆಗೆ ಸಾಮಾನ್ಯ ಆಸ್ಪತ್ರೆಗಿಲ್ಲದ ಒಂದು ತೊಡಕಿದೆ. ಅದಕ್ಕೆ ರೋಗಿಯ ಆರೈಕೆ, ವಿದ್ಯಾರ್ಥಿಯ ಶಿಕ್ಷಣ, ಸಂಶೋಧನೆ ಎಂಬ ಮೂರು ಕೆಲಸಗಳಿವೆ. ಮೇರಿಲ್ಯಾಂಡಿನಲ್ಲಿ ವೈದ್ಯರು ಬೋಧಕರಾಗಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕಾಲೇಜಿನ ಡೀನರಿಗೆ ಉತ್ತರಿಸಬೇಕು. ಅದೇ ವೈದ್ಯರು ಚಿಕಿತ್ಸೆ ನೀಡುವ ಕಟ್ಟಡ, ಹಾಸಿಗೆ, ದಾದಿಯರು ಆಸ್ಪತ್ರೆ ನಿಗಮದ ಕೈಯಲ್ಲಿ. ನಿಗಮಕ್ಕೊಬ್ಬ ಮುಖ್ಯ ಕಾರ್ಯನಿರ್ವಾಹಕ, ಅವರ ಮೇಲೆ ಮಂಡಳಿ. ವಿಶ್ವವಿದ್ಯಾನಿಲಯಕ್ಕೆ ಅದರದ್ದೇ ಇನ್ನೊಂದು ಮಂಡಳಿ. ಅದೇ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಈ ತೊಡಕು ಬಿಡಿಸಲು ಡೀನರೇ ಆಸ್ಪತ್ರೆ ಸಮೂಹದ ಮುಖ್ಯಸ್ಥರೂ ಆಗುವಂತೆ ಏರ್ಪಾಡು ಮಾಡಿದರು. ಯಾವುದು ಉತ್ತಮವೆಂಬ ಚರ್ಚೆ ಅಲ್ಲಿ ಇನ್ನೂ ಮುಗಿದಿಲ್ಲ, ನಮಗೆ ಅದು ಮುಖ್ಯವೂ ಅಲ್ಲ. ಮುಖ್ಯವಾದದ್ದು, ಯಜಮಾನರು ಹೆಚ್ಚಾದಷ್ಟೂ 'ಅದನ್ನು ಇನ್ನೊಬ್ಬರು ನೋಡಿಕೊಳ್ಳುತ್ತಾರೆ' ಎಂಬ ಭಾವನೆ ಬೆಳೆಯುತ್ತದೆ ಎಂಬುದು. ನಮ್ಮಲ್ಲೂ ಮ್ಯಾನೇಜ್‌ಮೆಂಟ್ ಬೇರೆ, ಪ್ರಾಂಶುಪಾಲರು ಬೇರೆ, ವಿಶ್ವವಿದ್ಯಾನಿಲಯ ಬೇರೆ ಇರುವ ಕಡೆಗಳಲ್ಲಿ ಇದು ಕಂಡುಬರುವುದುಂಟು.

ಅಮೆರಿಕದ ಕಾನೂನು ಇಂತಹ ಮಂಡಳಿಯ ಸದಸ್ಯರ ಮೇಲೆ ಮೂರು ಕರ್ತವ್ಯಗಳನ್ನು ಹೊರಿಸುತ್ತದೆ. ತನ್ನ ಸ್ವಂತ ವ್ಯವಹಾರದಲ್ಲಿ ಇರುವಷ್ಟೇ ಜಾಗರೂಕತೆ ಇರಬೇಕು. ಸಂಸ್ಥೆಯ ಹಿತವನ್ನು ತನ್ನ ಹಿತಕ್ಕಿಂತ ಮೇಲಿಡುವ ನಿಷ್ಠೆ ಇರಬೇಕು. ಯಾವ ಉದ್ದೇಶಕ್ಕಾಗಿ ಸಂಸ್ಥೆ ಹುಟ್ಟಿತೋ ಆ ಉದ್ದೇಶಕ್ಕೆ ವಿಧೇಯತೆ ಇರಬೇಕು. ಮೂರರಲ್ಲಿ ಎರಡನೆಯದೇ ಬಾಲ್ಟಿಮೋರಿನಲ್ಲಿ ಕುಸಿದುಬಿದ್ದದ್ದು. ಮೊದಲನೆಯದು ಗಟ್ಟಿಯಾಗಿದ್ದಿದ್ದರೆ ಎರಡನೆಯದು ಕುಸಿಯುತ್ತಿರಲಿಲ್ಲ ಎಂದು ನಮ್ಮ ಅಭಿಪ್ರಾಯ.

ಒಂದು ಲಕ್ಷ ಮಕ್ಕಳ ಪುಸ್ತಕ

ಕ್ಯಾಥರಿನ್ ಪ್ಯೂ ಎಂಬವರು 2001ರಿಂದ ಈ ಮಂಡಳಿಯ ಸದಸ್ಯೆ. 2007ರಿಂದ ರಾಜ್ಯದ ಸೆನೆಟ್ ಸದಸ್ಯೆಯಾಗಿದ್ದು, 2016ರ ಡಿಸೆಂಬರಿನಲ್ಲಿ ಬಾಲ್ಟಿಮೋರಿನ ಮೇಯರ್ ಆದರು. ಸೆನೆಟಿನಲ್ಲಿದ್ದಾಗ ಅವರು ಕುಳಿತಿದ್ದ ಸಮಿತಿಗೆ ಆಸ್ಪತ್ರೆಗಳ ಕುರಿತಾದ ಮಸೂದೆಗಳೂ ಬರುತ್ತಿದ್ದವು. ಅವರು ಮಕ್ಕಳಿಗಾಗಿ 'ಹೆಲ್ದಿ ಹಾಲಿ' ಎಂಬ ಪುಸ್ತಕ ಮಾಲೆಯನ್ನು ಬರೆದು ತಾವೇ ಪ್ರಕಟಿಸಿದರು. ಹಾಲಿ ಎಂಬ ಪುಟ್ಟ ಹುಡುಗಿ ವ್ಯಾಯಾಮ ಮಾಡುವ, ತರಕಾರಿ ಹಣ್ಣು ತಿನ್ನುವ ಕತೆ. ಉದ್ದೇಶವೇನೋ ಚೆನ್ನಾಗಿಯೇ ಇದೆ. (ಪುಸ್ತಕದಲ್ಲಿ ಮುಖ್ಯ ಪಾತ್ರದ ಹೆಸರೊಂದನ್ನೇ ಎರಡು ರೀತಿ ಬರೆಯಲಾಗಿತ್ತು, ತರಕಾರಿ ಎಂಬ ಪದದ ಕಾಗುಣಿತವೂ ತಪ್ಪಿತ್ತು ಎಂದು ಪತ್ರಿಕೆಯವರು ಆಮೇಲೆ ತೋರಿಸಿಕೊಟ್ಟರು.)

ಈ ಪುಸ್ತಕಗಳನ್ನು ಆಸ್ಪತ್ರೆ ಸಮೂಹವು 2011ರಿಂದ 2018ರ ನಡುವೆ ಐದು ಬಾರಿ ಕೊಂಡುಕೊಂಡಿತು. ಪ್ರತಿ ಬಾರಿ 20,000 ಪ್ರತಿಗಳು, ಒಂದು ಲಕ್ಷ ಡಾಲರ್. ಒಟ್ಟು ಒಂದು ಲಕ್ಷ ಪ್ರತಿಗಳು, ಐದು ಲಕ್ಷ ಡಾಲರ್. 2019ರ ಲೆಕ್ಕದಲ್ಲಿ ಸುಮಾರು ಮೂರೂವರೆ ಕೋಟಿ ರೂಪಾಯಿ. ಪುಸ್ತಕಗಳನ್ನು ಬಾಲ್ಟಿಮೋರಿನ ಶಾಲಾ ಮಕ್ಕಳಿಗೆ ಉಚಿತವಾಗಿ ಹಂಚುವುದೆಂದು ಹೇಳಲಾಗಿತ್ತು. ಶಾಲಾ ಇಲಾಖೆಯವರು ತಾವು ಇವನ್ನು ಕೇಳಿರಲೇ ಇಲ್ಲವೆಂದರು. ಅವರ ಗೋದಾಮಿನಲ್ಲಿ ಸುಮಾರು 8,700 ಪ್ರತಿಗಳು ಹಾಗೆಯೇ ಬಿದ್ದಿದ್ದವು. ಹಲವು ಸಾವಿರ ಪ್ರತಿಗಳು ಅಚ್ಚೇ ಆಗಿರಲಿಲ್ಲ, ಕೆಲವನ್ನು ಒಬ್ಬರಿಗೆ ಮಾರಿ ಮತ್ತೆ ಇನ್ನೊಬ್ಬರಿಗೆ ಮಾರಲಾಗಿತ್ತು ಎಂಬುದು ಮುಂದೆ ಫೆಡರಲ್ ತನಿಖೆಯಲ್ಲಿ ಹೊರಬಂತು.

2019ರ ಆರಂಭದಲ್ಲಿ ಸೆನೆಟ್ ಸದಸ್ಯೆ ಜಿಲ್ ಕಾರ್ಟರ್ ಈ ಮಂಡಳಿಯ ಸದಸ್ಯರು ಆಸ್ಪತ್ರೆಯೊಡನೆ ವ್ಯಾಪಾರ ನಡೆಸುವುದನ್ನು ತಡೆಯುವ ಮಸೂದೆಯೊಂದನ್ನು ಮಂಡಿಸಿದರು. ಮಾರ್ಚ್ ತಿಂಗಳಲ್ಲಿ 'ದಿ ಬಾಲ್ಟಿಮೋರ್ ಸನ್' ಪತ್ರಿಕೆ ವಿವರಗಳನ್ನು ಪ್ರಕಟಿಸಿತು. ಮೇಯರ್ ಒಬ್ಬರೇ ಅಲ್ಲ, ಮಂಡಳಿಯ ಒಂಬತ್ತು ಸದಸ್ಯರಿಗೆ ತಮ್ಮ ಆಸ್ಪತ್ರೆಯೊಡನೆ ವ್ಯವಹಾರವಿತ್ತು. ಅಂದರೆ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು. ಒಬ್ಬರದು ವಿಮೆ, ಇನ್ನೊಬ್ಬರದು ಕೀಟ ನಿಯಂತ್ರಣ, ಮತ್ತೊಬ್ಬರದು ಸಲಹಾ ಸೇವೆ. ಸಂಬಳವಿಲ್ಲದ ಸೇವೆಯೆಂದು ಹೇಳಿದ್ದೆವಲ್ಲ, ಸಂಬಳ ಬೇರೆ ದಾರಿಯಲ್ಲಿ ಬರುತ್ತಿತ್ತು ಎಂದು ಬಾಲ್ಟಿಮೋರಿನ ಜನ ಆಡಿಕೊಂಡರೆ ಅದಕ್ಕೆ ಅಚ್ಚರಿಪಡಬೇಕಾಗಿಲ್ಲ.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಈ ಒಂಬತ್ತು ಮಂದಿಯಲ್ಲಿ ಅಪರಾಧಿಯೆಂದು ತೀರ್ಪಾದದ್ದು ಪ್ಯೂ ಅವರ ಮೇಲೆ ಮಾತ್ರ. ಉಳಿದವರಲ್ಲಿ ಕೆಲವರ ಸೇವೆ ಒಳ್ಳೆಯದಿದ್ದಿರಬಹುದು, ದರವೂ ನ್ಯಾಯವಾಗಿದ್ದಿರಬಹುದು. ಆದರೆ ಕೊಳ್ಳುವವರೂ ಮಾರುವವರೂ ಒಂದೇ ಮೇಜಿನ ಸುತ್ತ ಕುಳಿತಿರುವಾಗ ದರ ನ್ಯಾಯವೋ ಅಲ್ಲವೋ ಎಂದು ಹೇಳಬಲ್ಲ ಮೂರನೆಯವರು ಯಾರು?

ಮುಂದಿನದ್ದು ವೇಗವಾಗಿ ನಡೆಯಿತು. ಪ್ಯೂ ಮಾರ್ಚ್ 18ರಂದು ಮಂಡಳಿಗೆ ರಾಜೀನಾಮೆ ಕೊಟ್ಟು, ಕೊನೆಯ ಕಂತಿನ ಒಂದು ಲಕ್ಷ ಡಾಲರ್ ಹಿಂತಿರುಗಿಸಿದರು. ಆಸ್ಪತ್ರೆ ಸಮೂಹದ ಮುಖ್ಯ ಕಾರ್ಯನಿರ್ವಾಹಕ ರಾಬರ್ಟ್ ಕ್ರೆನ್ಸಿಕ್ ಮೊದಲು ರಜೆಯ ಮೇಲೆ ಹೋಗಿ ಏಪ್ರಿಲ್ ಕೊನೆಗೆ ಹುದ್ದೆ ಬಿಟ್ಟರು. ಮೇ 2ರಂದು ಪ್ಯೂ ಮೇಯರ್ ಸ್ಥಾನಕ್ಕೂ ರಾಜೀನಾಮೆ ಕೊಟ್ಟರು. ನವೆಂಬರಿನಲ್ಲಿ ಒಳಸಂಚು ಮತ್ತು ತೆರಿಗೆ ವಂಚನೆಯ ಆರೋಪಗಳನ್ನು ಒಪ್ಪಿಕೊಂಡರು. 2020ರ ಫೆಬ್ರವರಿ 27ರಂದು ನ್ಯಾಯಾಲಯ ಅವರಿಗೆ ಮೂರು ವರ್ಷಗಳ ಸೆರೆವಾಸ ವಿಧಿಸಿತು. ಅದೇ ವರ್ಷ ಈ ವರದಿಗಳಿಗಾಗಿ ಪತ್ರಿಕೆಗೆ ಪುಲಿಟ್ಜರ್ ಪ್ರಶಸ್ತಿ ಬಂತು.

ಎಲ್ಲವೂ ಕಾಗದದಲ್ಲಿತ್ತು

ಓದುಗ ಬಂಧುಗಳು ಇಲ್ಲಿ ಕೇಳಬಹುದು: ಎಂಟು ವರ್ಷ ಇದು ಹೇಗೆ ಮುಚ್ಚಿಹೋಗಿತ್ತು? ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದೂ ಇದೇ ಅಂಶ. ಆಸ್ಪತ್ರೆಯ ಮಟ್ಟಿಗೆ ನೋಡಿದರೆ ಅದು ಮುಚ್ಚಿಹೋಗಿರಲೇ ಇಲ್ಲ.

ಮೇರಿಲ್ಯಾಂಡಿನಲ್ಲಿ ಆಸ್ಪತ್ರೆಗಳ ದರಗಳನ್ನು ನಿಗದಿಪಡಿಸುವ ಒಂದು ರಾಜ್ಯ ಆಯೋಗವಿದೆ. ಮಂಡಳಿ ಸದಸ್ಯರಿಗೆ ಆಸ್ಪತ್ರೆಯೊಡನೆ ವ್ಯವಹಾರವಿದ್ದರೆ ಅದನ್ನು ಈ ಆಯೋಗಕ್ಕೆ ತಿಳಿಸಬೇಕು. ತೆರಿಗೆ ವಿನಾಯಿತಿ ಪಡೆಯುವ ಸಂಸ್ಥೆಗಳು ಪ್ರತಿ ವರ್ಷ ಫೆಡರಲ್ ತೆರಿಗೆ ಇಲಾಖೆಗೆ ಸಲ್ಲಿಸುವ ಪತ್ರದಲ್ಲೂ ಇಂತಹ ವ್ಯವಹಾರಗಳನ್ನು ಕಾಣಿಸಬೇಕು. ಪತ್ರಿಕೆಯವರು ಗುಪ್ತಚರರನ್ನು ಬಿಟ್ಟು ಏನನ್ನೂ ಪತ್ತೆಮಾಡಲಿಲ್ಲ, ಸಲ್ಲಿಸಿದ್ದ ಘೋಷಣಾ ಪತ್ರಗಳನ್ನು ತೆಗೆದು ಓದಿದರು, ಅಷ್ಟೇ. (ಪ್ಯೂ ಅವರು ತಮ್ಮ ಸೆನೆಟ್ ಕಾಲದ ಸ್ವಂತ ಘೋಷಣೆಗಳಲ್ಲಿ ಈ ಕಂಪೆನಿಯ ಹೆಸರನ್ನು ಬಿಟ್ಟಿದ್ದರು, ಅದು ಬೇರೆ ವಿಷಯ.)

ಘೋಷಣೆ ಮಾಡುವುದು ಮೇಲ್ವಿಚಾರಣೆಯ ಮೊದಲ ಮೆಟ್ಟಿಲು ಮಾತ್ರ. ಸದಸ್ಯರೊಬ್ಬರು 'ನನಗೆ ಈ ಸಂಸ್ಥೆಯೊಡನೆ ವ್ಯಾಪಾರವಿದೆ' ಎಂದು ಬರೆದುಕೊಟ್ಟ ಮೇಲೆ ಆ ಕಾಗದವನ್ನು ಒಬ್ಬರು ಓದಬೇಕು. ಓದಿದ ಮೇಲೆ ಕೇಳಬೇಕು: ಈ ವಸ್ತು ನಮಗೆ ಬೇಕೇ? ಬೇರೆ ಕಡೆ ದರ ಕೇಳಿದ್ದೀರಾ? ತೀರ್ಮಾನ ಮಾಡುವಾಗ ಆ ಸದಸ್ಯರು ಕೋಣೆಯಿಂದ ಹೊರಗೆ ಹೋಗಿದ್ದರೇ? ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆಯೇ? ಆ ವರ್ಷದ ಜೂನ್ ತಿಂಗಳಲ್ಲಿ ಬಂದ ಹೊರಗಿನ ಸಲಹಾ ಸಂಸ್ಥೆಯ ಪರಿಶೀಲನಾ ವರದಿ ತೋರಿಸಿದ್ದು ಇದನ್ನೇ. ಪುಸ್ತಕ ಖರೀದಿ ಪೂರ್ಣ ಮಂಡಳಿಯ ಮುಂದೆ ಒಪ್ಪಿಗೆಗೆ ಬಂದಿರಲಿಲ್ಲ, ಕೆಲವು ಗುತ್ತಿಗೆಗಳು ಸ್ಪರ್ಧಾತ್ಮಕ ದರಪಟ್ಟಿಯಿಲ್ಲದೆ ಹೋಗಿದ್ದವು, ಕೆಲವು ಸದಸ್ಯರು ತಮ್ಮ ಸ್ಥಾನವನ್ನು ವ್ಯಾಪಾರಕ್ಕೆ ಬಳಸಿಕೊಂಡಿದ್ದರು.

ಇನ್ನೊಂದು ಕಡೆಯಿಂದಲೂ ಇದನ್ನು ನೋಡಬೇಕು. ಮುಖ್ಯ ಕಾರ್ಯನಿರ್ವಾಹಕರನ್ನು ನೇಮಿಸುವುದು, ಅವರ ಸಂಬಳ ನಿಗದಿ ಮಾಡುವುದು, ಬೇಕಾದರೆ ತೆಗೆಯುವುದು ಮಂಡಳಿಯ ಕೆಲಸ. ಈಗ ಅದೇ ಕಾರ್ಯನಿರ್ವಾಹಕರ ಕೈಯಿಂದ ಮಂಡಳಿ ಸದಸ್ಯರಿಗೆ ಗುತ್ತಿಗೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ವರ್ಷಾಂತ್ಯದಲ್ಲಿ ಆ ಸದಸ್ಯರು ಆ ಕಾರ್ಯನಿರ್ವಾಹಕರನ್ನು ಗಟ್ಟಿಯಾಗಿ ಪ್ರಶ್ನಿಸುವರೇ? ಲಂಚವೆಂದು ಯಾರೂ ಕರೆಯಬೇಕಾಗಿಲ್ಲ, ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಪುಸ್ತಕದ ಐದು ಲಕ್ಷ ಡಾಲರಿಗಿಂತ ದೊಡ್ಡ ನಷ್ಟ ಇದು. 400 ಕೋಟಿ ಡಾಲರಿನ ಸಂಸ್ಥೆಗೆ ಐದು ಲಕ್ಷ ಏನೂ ಅಲ್ಲ. ಆದರೆ ಕೇಳುವವರಿಲ್ಲದ ಮಂಡಳಿ ರೋಗಿಗಳ ಸುರಕ್ಷತೆಯ ವಿಷಯದಲ್ಲೂ ಕೇಳುವುದಿಲ್ಲ.

ಶಾಸನಸಭೆ ತಡಮಾಡಲಿಲ್ಲ. ಅಧಿವೇಶನ ಮುಗಿಯುವುದರೊಳಗೆ ಮಸೂದೆ ಅಂಗೀಕಾರವಾಯಿತು, ಏಪ್ರಿಲ್ 18ರಂದು ಗವರ್ನರ್ ಲ್ಯಾರಿ ಹೋಗನ್ ಸಹಿ ಹಾಕಿದರು. ಸದಸ್ಯರಿಗೆ ಸ್ಪರ್ಧೆಯಿಲ್ಲದೆ ಗುತ್ತಿಗೆ ಕೊಡುವಂತಿಲ್ಲ. ಇದ್ದ ಸದಸ್ಯರ ಅವಧಿ ಹಂತ ಹಂತವಾಗಿ ಕೊನೆಗೊಳ್ಳಬೇಕು. ರಾಜ್ಯ ಶಾಸಕಾಂಗದ ಲೆಕ್ಕ ಪರಿಶೋಧಕರು ತಪಾಸಣೆ ಮಾಡಬೇಕು. ಮಸೂದೆ ಮಂಡಿಸಿದ ಸ್ಪೀಕರ್ ಮೈಕಲ್ ಬುಶ್ ಸ್ವತಃ ಆ ಮಂಡಳಿಯಲ್ಲಿ ಕುಳಿತವರು. ಅಧಿವೇಶನ ಮುಗಿಯುವ ಹಿಂದಿನ ದಿನ, ಏಪ್ರಿಲ್ 7ರಂದು ಅವರು ನಿಧನ ಹೊಂದಿದರು. ಹೀಗೆ 1984ರಲ್ಲಿ ತೆಗೆದುಹಾಕಿದ ಕಾವಲಿನಲ್ಲಿ ಒಂದಂಶವನ್ನು 35 ವರ್ಷಗಳ ಬಳಿಕ ವಾಪಸು ತರಬೇಕಾಯಿತು.

ಧರ್ಮಭಗಿನಿಯರ ಆಸ್ಪತ್ರೆ

ಈ ಸಮೂಹದೊಳಗೆ ಒಂದು ಕಥೋಲಿಕ ಆಸ್ಪತ್ರೆಯೂ ಇದೆ ಎಂಬುದು ನಮ್ಮ ಓದುಗರಿಗೆ ಆಸಕ್ತಿಯ ವಿಷಯವಾದೀತು. ಬಾಲ್ಟಿಮೋರ್ ಪಕ್ಕದ ಟೌಸನ್ ಎಂಬ ಊರಿನ ಸಂತ ಜೋಸೆಫರ ಆಸ್ಪತ್ರೆ. ಫಿಲಡೆಲ್ಫಿಯಾದ ಸಂತ ಫ್ರಾನ್ಸಿಸರ ಸಭೆಯ ಧರ್ಮಭಗಿನಿಯರು ಇದನ್ನು 1864ರಲ್ಲಿ, ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದಾಗ ಆರಂಭಿಸಿದರು. 2009ರ ಬಳಿಕ ಅಲ್ಲೊಂದು ದೊಡ್ಡ ಆಘಾತವಾಯಿತು. ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟ್ ಎಂಬ ಸಣ್ಣ ನಳಿಕೆಯನ್ನು ಅಗತ್ಯವಿಲ್ಲದ ರೋಗಿಗಳಿಗೂ ಅಳವಡಿಸಲಾಗಿದೆ ಎಂಬ ದೂರು ಬಂತು. ಆಸ್ಪತ್ರೆ ಪರಿಶೀಲಿಸಿ, ನಿಮಗೆ ಹಾಕಿದ ಸ್ಟೆಂಟ್ ಅಗತ್ಯವಿಲ್ಲದೇ ಇದ್ದಿರಬಹುದು ಎಂದು 585 ರೋಗಿಗಳಿಗೆ ಪತ್ರ ಬರೆಯಬೇಕಾಯಿತು. ಹೃದ್ರೋಗ ತಜ್ಞರ ಸಂಸ್ಥೆಯೊಂದಿಗಿನ ಹಣದ ವ್ಯವಹಾರದ ಬೇರೊಂದು ಆರೋಪದ ಇತ್ಯರ್ಥಕ್ಕಾಗಿ 2010ರಲ್ಲಿ ಫೆಡರಲ್ ಸರಕಾರಕ್ಕೆ 2.2 ಕೋಟಿ ಡಾಲರ್ ತೆತ್ತಿತು. ಸಂಬಂಧಪಟ್ಟ ವೈದ್ಯರ ಪರವಾನಗಿಯನ್ನು 2011ರಲ್ಲಿ ರದ್ದುಮಾಡಲಾಯಿತು.

ಸಂತರ ಹೆಸರು, ಗೋಡೆಯ ಮೇಲಿನ ಶಿಲುಬೆ, ಧರ್ಮಭಗಿನಿಯರ ಒಂದೂವರೆ ಶತಮಾನದ ತ್ಯಾಗ ಇವೆಲ್ಲ ಇದ್ದರೂ ಹೃದಯ ವಿಭಾಗದ ಅಂಕಿಅಂಶಗಳನ್ನು ಸಮಯಕ್ಕೆ ಸರಿಯಾಗಿ ಕೇಳಿ ನೋಡುವ ವ್ಯವಸ್ಥೆ ಬಿಗಿಯಾಗಿರಲಿಲ್ಲ. ವೈದ್ಯರ ಕೆಲಸವನ್ನು ವೈದ್ಯರೇ ಅಳೆಯಬೇಕು ನಿಜ. ಆದರೆ ಅಳೆದಿದ್ದಾರೋ ಇಲ್ಲವೋ, ಆಸ್ಪತ್ರೆಗೆ ಹೆಚ್ಚು ಆದಾಯ ತರುವ ವೈದ್ಯರನ್ನೂ ಅದೇ ಅಳತೆಗೋಲಿನಿಂದ ಅಳೆದಿದ್ದಾರೋ ಎಂದು ಕೇಳುವುದು ಮಂಡಳಿಯ ಪಾಲಿಗೆ ಬರುತ್ತದೆ. ಹೀಗೆ ಕೇಳಲು ಎಂ.ಬಿ.ಬಿ.ಎಸ್. ಓದಿರಬೇಕಾಗಿಲ್ಲ.

2012ರ ಡಿಸೆಂಬರಿನಲ್ಲಿ ಆ ಆಸ್ಪತ್ರೆ ಮೇರಿಲ್ಯಾಂಡ್ ಸಮೂಹಕ್ಕೆ ಸೇರಿತು. ಕಥೋಲಿಕ ಗುರುತು ಮತ್ತು ಧರ್ಮಸಭೆಯ ನೈತಿಕ ಸೂತ್ರಗಳನ್ನು ಉಳಿಸಿಕೊಳ್ಳುವ ಒಪ್ಪಂದದೊಡನೆ ಸೇರಿತು. ಆಗ ಅಲ್ಲಿ ಅಧ್ಯಕ್ಷರಾಗಿ ಬಂದ ವೈದ್ಯ ಮೋಹನ್ ಸುಂತಾ ಅವರೇ 2019ರ ಗದ್ದಲದ ಬಳಿಕ ಇಡೀ ಸಮೂಹದ ಮುಖ್ಯಸ್ಥರಾಗಿ ಆಯ್ಕೆಯಾದರು.

ನಮ್ಮ ಧರ್ಮಸಭೆಯ ಕಾನೂನು ಏನನ್ನುತ್ತದೆ

ಇಷ್ಟನ್ನು ಓದಿ 'ಅಮೆರಿಕದವರ ಹಣೆಬರಹ' ಎಂದು ಬದಿಗಿಡಬಹುದಿತ್ತು. ಆದರೆ ಅಲ್ಲಿ 2019ರಲ್ಲಿ ಹೊಸದಾಗಿ ಬರೆದ ಕೆಲವು ನಿಯಮಗಳ ಹೋಲಿಕೆ ನಮ್ಮ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ 1983ರಿಂದಲೇ ಇದೆ. ಧರ್ಮಪ್ರಾಂತ್ಯದ ಆರ್ಥಿಕ ಮಂಡಳಿಯನ್ನು ಕುರಿತ 492ನೆಯ ಕಲಮು ಧರ್ಮಾಧ್ಯಕ್ಷರ ನಾಲ್ಕನೆಯ ತಲೆಯವರೆಗಿನ ರಕ್ತಸಂಬಂಧಿಗಳು ಹಾಗೂ ನೆಂಟರು ಅದರ ಸದಸ್ಯರಾಗುವಂತಿಲ್ಲ ಎನ್ನುತ್ತದೆ. ಸದಸ್ಯರ ಅವಧಿ ಐದು ವರ್ಷ. 537ನೆಯ ಕಲಮಿನಂತೆ ಪ್ರತಿ ಧರ್ಮಕೇಂದ್ರದಲ್ಲೂ ಆರ್ಥಿಕ ಸಮಿತಿ ಇರಲೇಬೇಕು, ಇಟ್ಟರೂ ಸರಿ ಬಿಟ್ಟರೂ ಸರಿ ಎಂಬಂತಿಲ್ಲ. 1280ನೆಯ ಕಲಮು ಇನ್ನೂ ವಿಶಾಲವಾಗಿದ್ದು, ಸಭೆಯ ಕಾನೂನಿನಡಿ ವ್ಯಕ್ತಿತ್ವ ಪಡೆದ ಪ್ರತಿಯೊಂದು ಸಂಸ್ಥೆಗೂ ಆರ್ಥಿಕ ಸಮಿತಿ ಅಥವಾ ಕಡಿಮೆಯೆಂದರೆ ಇಬ್ಬರು ಸಲಹೆಗಾರರು ಇರಬೇಕೆನ್ನುತ್ತದೆ. ವರ್ಷಾಂತ್ಯದಲ್ಲಿ ಲೆಕ್ಕ ಒಪ್ಪಿಸಬೇಕೆಂಬುದು 1284ರಲ್ಲಿ. ವಿಶ್ವಾಸಿಗಳು ಕಾಣಿಕೆಯಾಗಿ ಕೊಟ್ಟದ್ದರ ಲೆಕ್ಕವನ್ನು ವಿಶ್ವಾಸಿಗಳಿಗೇ ಕೊಡಬೇಕೆಂಬುದು 1287ರಲ್ಲಿ.

ಬಾಲ್ಟಿಮೋರಿಗೆ ಅತ್ಯಂತ ಹತ್ತಿರ ಬರುವುದು 1298. ಸಣ್ಣಪುಟ್ಟ ವಿಷಯಗಳ ಹೊರತು, ಸಭೆಯ ಆಸ್ತಿಯನ್ನು ಅದರ ಆಡಳಿತಗಾರರಿಗಾಗಲೀ, ನಾಲ್ಕನೆಯ ತಲೆಯವರೆಗಿನ ಅವರ ಸಂಬಂಧಿಕರಿಗಾಗಲೀ ಮೇಲಧಿಕಾರಿಯ ವಿಶೇಷ ಲಿಖಿತ ಅನುಮತಿಯಿಲ್ಲದೆ ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ. ಸೂಕ್ಷ್ಮವಾಗಿ ಓದುವವರು ಒಂದು ವಿಷಯ ಗಮನಿಸಬಹುದು. ಕಲಮು ಹೇಳುವುದು ಮಾರುವುದನ್ನು ಮತ್ತು ಬಾಡಿಗೆಯನ್ನು, ಆಡಳಿತಗಾರರಿಂದ ಕೊಳ್ಳುವುದನ್ನಲ್ಲ. ಅಂದರೆ ಚರ್ಚಿನ ಅಂಗಡಿ ಕೋಣೆಯನ್ನು ಸಮಿತಿ ಸದಸ್ಯರ ಭಾವನಿಗೆ ಬಾಡಿಗೆಗೆ ಕೊಡುವುದು ಅದರ ವ್ಯಾಪ್ತಿಗೆ ನೇರವಾಗಿ ಬರುತ್ತದೆ, ಅದೇ ಸದಸ್ಯರ ಅಂಗಡಿಯಿಂದ ಸಿಮೆಂಟು ಕೊಳ್ಳುವುದು ಅಕ್ಷರಶಃ ಬರುವುದಿಲ್ಲ. ಅಕ್ಷರವನ್ನು ಹಿಡಿದು ತಪ್ಪಿಸಿಕೊಳ್ಳಬಹುದು. ಆದರೆ ಕಾಯಿದೆಯ ಆಶಯ ಎರಡಕ್ಕೂ ಒಂದೇ ಎಂದು ನಾವು ತಿಳಿಯುತ್ತೇವೆ. ಪೋಪ್ ಫ್ರಾನ್ಸಿಸರು 2020ರ ಜೂನ್ 1ರಂದು ವ್ಯಾಟಿಕನ್ನಿನ ಖರೀದಿ ಮತ್ತು ಗುತ್ತಿಗೆಗಳಿಗೆ ಪಾರದರ್ಶಕತೆ, ನಿಯಂತ್ರಣ ಹಾಗೂ ಸ್ಪರ್ಧೆಯ ಪ್ರತ್ಯೇಕ ನಿಯಮಗಳನ್ನು ಹೊರಡಿಸಿದ್ದು ಖರೀದಿಯ ಬಾಗಿಲನ್ನೂ ಕಾಯಬೇಕೆಂಬ ಕಾರಣಕ್ಕೇ. 2021ರ ಡಿಸೆಂಬರ್ 8ರಂದು ಜಾರಿಗೆ ಬಂದ ಪರಿಷ್ಕೃತ ದಂಡಸಂಹಿತೆಯ 1376ನೆಯ ಕಲಮಿನಲ್ಲಿ ಕದಿಯುವುದು ಮಾತ್ರವಲ್ಲ, ಸಭೆಯ ಆಸ್ತಿಯ ಆಡಳಿತದಲ್ಲಿ ಗಂಭೀರ ನಿರ್ಲಕ್ಷ್ಯ ತೋರುವುದೂ ಶಿಕ್ಷಾರ್ಹವಾಗಿದೆ.

ನಮ್ಮ ದೇಶದ ಆದಾಯ ತೆರಿಗೆ ಕಾನೂನೂ ಈ ವಿಷಯದಲ್ಲಿ ಸುಮ್ಮನಿಲ್ಲ. ಧರ್ಮಾರ್ಥ ಸಂಸ್ಥೆಯ ಆದಾಯ ಅಥವಾ ಆಸ್ತಿ ಅದರ ಟ್ರಸ್ಟಿಗಳಿಗೆ, ಅವರ ಸಂಬಂಧಿಕರಿಗೆ ಅನುಚಿತವಾಗಿ ಉಪಯೋಗವಾದರೆ ತೆರಿಗೆ ವಿನಾಯಿತಿಗೇ ಕುತ್ತು. ಲೆಕ್ಕ ಪರಿಶೋಧಕರು ತುಂಬುವ ಪತ್ರದಲ್ಲಿ ಇದಕ್ಕಾಗಿಯೇ ಕೆಲವು ಪ್ರಶ್ನೆಗಳಿರುತ್ತವೆ. ಸಮಿತಿ ಸದಸ್ಯರಲ್ಲಿ ಎಷ್ಟು ಮಂದಿ ಆ ಪತ್ರವನ್ನು ಕಂಡಿದ್ದಾರೆ?

ನಮ್ಮಲ್ಲಿ ಕೇಳುವುದಕ್ಕೆ ಒಂದು ಅಡ್ಡಿಯಿದೆ, ಅದನ್ನು ಬಚ್ಚಿಡುವುದು ಬೇಡ. ಲೆಕ್ಕ ಕೇಳಿದರೆ ಗುರುಗಳ ಮೇಲೆ ಅಪನಂಬಿಕೆ ಎಂದು ತಿಳಿಯುತ್ತಾರೆ, ಅಥವಾ ಹಾಗೆ ತಿಳಿಯುವರೆಂಬ ಸಂಕೋಚ ಕೇಳುವವರಿಗೇ ಇರುತ್ತದೆ. ಸಂತ ಪೌಲರು ಜೆರುಸಲೇಮಿನ ಬಡವರಿಗಾಗಿ ಸಂಗ್ರಹಿಸಿದ ಹಣವನ್ನು ಒಬ್ಬರೇ ಒಯ್ಯಲಿಲ್ಲ. ಸಭೆಗಳು ಆರಿಸಿದ ಸೋದರರನ್ನು ಜೊತೆಗೆ ಕರೆದುಕೊಂಡರು, ಈ ದೊಡ್ಡ ಮೊತ್ತದ ಬಗ್ಗೆ ಯಾರೂ ಬೆರಳು ತೋರಿಸದಂತೆ ಹೀಗೆ ಮಾಡುತ್ತಿದ್ದೇವೆ ಎಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ ಕಾರಣವನ್ನೂ ಕೊಟ್ಟರು. ಪೌಲರ ಮೇಲೆ ಅಪನಂಬಿಕೆಯಿಂದ ಹಾಗೆ ಮಾಡಿದರೆಂದು ಯಾರೂ ಹೇಳುವುದಿಲ್ಲ. ಗುರುಗಳಾದ ನಮಗೂ ಲೆಕ್ಕ ಕೇಳುವ ಸಮಿತಿಯಿದ್ದರೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.

ಕೊನೆಗೆ ಒಂದು ಪ್ರಾಯೋಗಿಕ ವಿಷಯ. ನಿಮ್ಮನ್ನು ಆಸ್ಪತ್ರೆ, ಶಾಲೆ ಅಥವಾ ಇನ್ನಾವುದೇ ಸಂಸ್ಥೆಯ ಮಂಡಳಿಗೆ ಸೇರಲು ಕರೆದರೆ, ಒಪ್ಪಿಗೆ ಕೊಡುವ ಮೊದಲು ಸಂಸ್ಥೆಯ ನಿಯಮಾವಳಿ ಮತ್ತು ಕಳೆದ ವರ್ಷದ ಲೆಕ್ಕ ಪರಿಶೋಧನಾ ವರದಿಯನ್ನು ಕೇಳಿ ಪಡೆಯಿರಿ. ವರದಿಯೊಡನೆ ಪರಿಶೋಧಕರು ಆಡಳಿತಕ್ಕೆ ಬರೆಯುವ ಟಿಪ್ಪಣಿ ಪತ್ರವೊಂದು ಇರುವುದುಂಟು, ಅದನ್ನೂ ಕೇಳಿ. ಎಲ್ಲಿ ಏನು ಸಡಿಲವಾಗಿದೆ ಎಂಬುದು ಹೆಚ್ಚಾಗಿ ಅದರಲ್ಲಿರುತ್ತದೆ. ನೀವಾಗಲೀ ನಿಮ್ಮ ಮನೆಯವರಾಗಲೀ ಆ ಸಂಸ್ಥೆಯೊಡನೆ ವ್ಯಾಪಾರ ಹೊಂದಿದ್ದರೆ ಮೊದಲ ಸಭೆಯಲ್ಲೇ ಬರೆದುಕೊಡಿ, ಆ ವಿಷಯ ಚರ್ಚೆಗೆ ಬಂದಾಗ ಎದ್ದು ಹೊರಗೆ ಹೋಗಿ, ಹೋದದ್ದನ್ನು ನಡಾವಳಿಯಲ್ಲಿ ಬರೆಸಿ. ಬೇರೆಯವರು ಬರೆದುಕೊಟ್ಟ ಕಾಗದಗಳನ್ನು ವರ್ಷಕ್ಕೊಮ್ಮೆ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಇದಕ್ಕೆ ಹಿಡಿಯುವುದು ಅರ್ಧ ಗಂಟೆ.